ಹಳೆಯ ಮಾರುತಿ 800: ಆಕ್ಸಲ್ ಜಾಯಿಂಟಿನ ದೋಷ ತಿಳಿಯುವುದು ಹೇಗೆ?

1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರು ಮಲೆನಾಡಿನ ತೋಟದ ಮನೆಗಳಲ್ಲಿ ಇನ್ನೂ ಅಲ್ಲಲ್ಲಿ ಓಡುತ್ತಿದೆ. ಈ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು. ಗೇರ್ ಬಾಕ್ಸಿನಿಂದ ಆ ಚಕ್ರಗಳಿಗೆ ಹೋಗುವ ಆಕ್ಸಲುಗಳ ಎರಡೂ ತುದಿಗಳಲ್ಲಿ ಜಾಯಿಂಟುಗಳಿವೆ. ಇವುಗಳ ದೋಷವನ್ನು ಬೆಳೆಗಾರರು ತಾವೇ ಗುರುತಿಸಬಹುದು.

ವಿಶಾಲವಾದ ಅಂಗಳದಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಮೊದಲನೇ ಗೇರಿನಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆಯಿರಿ. ಬಳಿಕ ಇನ್ನೊಂದು ಬದಿಗೂ ಹಾಗೆಯೇ ಮಾಡಿರಿ. 'ಕಟಕಟ' ಸದ್ದು ಬಂದರೆ ಚಕ್ರದ ಬದಿಯ ಜಾಯಿಂಟು ಸವೆದಿದೆಯೆಂದು ತಿಳಿಯಬೇಕು. ನೇರ ರಸ್ತೆಯಲ್ಲಿ ಆಕ್ಸಿಲೇಟರ್ ಒತ್ತಿದಾಗ ನಡುಕ ಬಂದು, ಬಿಟ್ಟಾಗ ನಿಂತರೆ ಗೇರ್ ಬಾಕ್ಸಿನ ಬದಿಯದನ್ನು ಪರೀಕ್ಷಿಸಿಸಿರಿ. ವೇಗದೊಡನೆ ಏರುವ 'ಗುಂಯ್' ಶಬ್ದ ಸಾಮಾನ್ಯವಾಗಿ ಚಕ್ರದ ಬೇರಿಂಗಿನದು. ಅದಕ್ಕಾಗಿ ಆಕ್ಸಲ್ ಬಿಚ್ಚಿಸಿ ಹಣ ಕಳೆಯಬೇಡಿರಿ.

ಜಾಯಿಂಟು ಕೆಡಲು ಮುಖ್ಯ ಕಾರಣ ಅದರ ರಬ್ಬರ್ ಬೂಟು ಹರಿಯುವುದು. ಗ್ರೀಸು ಹೊರಬಿದ್ದು ಕೆಸರುನೀರು ಒಳಸೇರುತ್ತದೆ. ಚಕ್ರದ ಒಳಬದಿಗೆ ಗ್ರೀಸು ಸಿಡಿದಿರುವುದೇ ಇದರ ಗುರುತು. ಸದ್ದು ಬರುವ ಮೊದಲೇ ಬೂಟು, ಗ್ರೀಸು ಬದಲಿಸಿದರೆ ಜಾಯಿಂಟು ಉಳಿದೀತು. ಸವೆದ ಮೇಲೆ ಹೊಸ ಗ್ರೀಸು ತುಂಬಿ ಫಲವಿಲ್ಲ.

ಒಂದು ಎಚ್ಚರಿಕೆ: ಜಾಯಿಂಟು ಮುರಿದರೆ ಇಂಜಿನ್ ಓಡುತ್ತಿದ್ದರೂ ಕಾರು ಸಾಗದು. ಏರುರಸ್ತೆಯಲ್ಲಿ ಗೇರಿಗೆ ಹಾಕಿ ನಿಲ್ಲಿಸಿದರೂ ಹಿಂದಕ್ಕೆ ಜಾರುವುದು. ಕೂಡಲೇ ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಇಡಬೇಕು. ಆದ್ದರಿಂದ ಮುಂಗಾರಿಗೆ ಮುನ್ನ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುವ ಏರ್ಪಾಡಿನೊಂದಿಗೇ, ಕಾರಿನ ನಾಲ್ಕೂ ಬೂಟುಗಳನ್ನು ಒಮ್ಮೆ ನೋಡುವುದು ಲೇಸು.