ಅಪ್ಪನ ಸ್ಟೀರಿಯೊ: ಹದಿನಾಲ್ಕು ತಿಂಗಳು, ಹನ್ನೊಂದು ಸಾವಿರ

ಹೋದ ವರ್ಷ ಯುಗಾದಿ ಹೊತ್ತಿಗೆ ಕೈಗೆ ಸ್ವಲ್ಪ ಬೋನಸ್ ಬಂತು. ಮನೆಗೆ ಏನಾದ್ರೂ ತಗೋಬೇಕು ಅನ್ನೋ ಆಸೆ. ಸರಸ್ವತಿಪುರಂನ ನಮ್ಮ ಹಾಲ್‌ನಲ್ಲಿ ಟಿವಿ ಪಕ್ಕಕ್ಕೆ ಒಂದು ಹಳೇ ಸ್ಟೀರಿಯೊ ಸೆಟ್ ಇದೆ. ಆಂಪ್ಲಿಫೈಯರ್, ಟ್ಯೂನರ್, ಕ್ಯಾಸೆಟ್ ಡೆಕ್, ಮೊಣಕಾಲೆತ್ತರದ ಎರಡು ಮರದ ಸ್ಪೀಕರ್. 1988ರಲ್ಲಿ ಅಪ್ಪನಿಗೆ ಸಂಬಳದ ಬಾಕಿ ಒಟ್ಟಿಗೆ ಬಂದಾಗ ಕೊಂಡದ್ದು. ಆ ದುಡ್ಡಲ್ಲಿ ಸ್ಕೂಟರ್ ತಗೊಳ್ಳಿ ಅಂತ ಅಮ್ಮ ಹೇಳಿದ್ದರಂತೆ. ಆ ಜಗಳ ಇನ್ನೂ ಮುಗಿದಿಲ್ಲ.

ಎರಡು ವರ್ಷದಿಂದ ಅದರ ಎಡಗಡೆ ಸ್ಪೀಕರ್ ಮಾತಾಡುತ್ತಿರಲಿಲ್ಲ. ವಾಲ್ಯೂಮ್ ತಿರುಗಿಸಿದರೆ ಕರಕರ. ಮೇಲೆ ಅಮ್ಮನ ಕಸೂತಿ ಬಟ್ಟೆ, ಅದರ ಮೇಲೆ ಹೂದಾನಿ. ನಾನು ಫೋನ್‌ನಲ್ಲಿ ₹28,000ದ ಸೌಂಡ್‌ಬಾರ್ ಒಂದನ್ನು ತೋರಿಸಿದೆ. "ಇಎಮ್ಐ ಇದೆ ಅಪ್ಪಾ, ತಿಂಗಳಿಗೆ ಇಷ್ಟೇ."

ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ಚೆನ್ನಾಗೇ ಇರುತ್ತೆ ಪುಟ್ಟಿ. ಆದ್ರೆ ಇದಕ್ಕೇನಾಗಿದೆ ಅಂತ ನೋಡಿದ್ದೀಯಾ?"

ನೋಡಿರಲಿಲ್ಲ. ಅಲ್ಲಿಂದ ಶುರುವಾಯ್ತು.

ಮೊದಲ ತಿಂಗಳು: ಖರ್ಚಿಲ್ಲದ ಪರೀಕ್ಷೆ

ಹಳೇ ಸೆಟ್ ಒಂದು ಸರಪಳಿ ಇದ್ದಹಾಗೆ. ಹಾಡು ಬರುವ ಜಾಗ, ಅದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್, ವೈರು, ಸ್ಪೀಕರ್, ಕೊನೆಗೆ ಕೋಣೆ. ಎಲ್ಲಿ ಕೊಂಡಿ ಕಳಚಿದೆ ಅಂತ ಗೊತ್ತಾಗದೆ ದುಡ್ಡು ಹಾಕಿದರೆ ಅದು ವ್ಯರ್ಥ.

ಒಂದು ಸ್ಪೀಕರ್ ಸತ್ತಿದ್ದರೆ ನೀವು ಮೊದಲು ಮಾಡಬೇಕಾದ್ದು ಇಷ್ಟೇ. ಪವರ್ ಆಫ್ ಮಾಡಿ, ಎಡ ಬಲ ಸ್ಪೀಕರ್ ವೈರುಗಳನ್ನು ಆಂಪ್ಲಿಫೈಯರ್ ಹಿಂದೆ ಅದಲುಬದಲು ಮಾಡಿ, ಮತ್ತೆ ಹಾಕಿ. ಸತ್ತ ಸ್ಪೀಕರ್ ಈಗಲೂ ಸುಮ್ಮನಿದ್ದರೆ ದೋಷ ಆ ಸ್ಪೀಕರ್‌ನದು ಅಥವಾ ಅದರ ವೈರಿನದು. ಅದಕ್ಕೆ ಜೀವ ಬಂದು ಇನ್ನೊಂದು ಸುಮ್ಮನಾದರೆ ದೋಷ ಆಂಪ್ಲಿಫೈಯರ್ ಕಡೆಯದು. ನಮ್ಮದು ಎರಡನೇದು.

ಮಂಡಿ ಮೊಹಲ್ಲಾದ ಒಂದು ಸಣ್ಣ ರಿಪೇರಿ ಅಂಗಡಿಗೆ ಆಂಪ್ಲಿಫೈಯರ್ ಹೊತ್ತುಕೊಂಡು ಹೋದೆ. ಅಂಗಡಿಯ ಹಿರಿಯರು ಮುಚ್ಚಳ ತೆಗೆದು, ನಾಬ್‌ಗಳ ಹಿಂಬದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಇಪ್ಪತ್ತು ಮೂವತ್ತು ಸಲ ತಿರುಗಿಸಿದರು. "ಉಪಯೋಗ್ಸದೇ ಇಟ್ರೆ ಒಳಗೆ ಕಿಲುಬು ಹಿಡಿಯತ್ತಮ್ಮಾ. ದಿನಾ ತಿರುಗಿಸ್ತಾ ಇದ್ದಿದ್ರೆ ಇಷ್ಟು ಆಗ್ತಿರ್ಲಿಲ್ಲ." ಎಡಗಡೆ ಮಾತಾಡಿತು. ₹400.

ಒಂದು ಎಚ್ಚರಿಕೆ. ಮುಚ್ಚಳ ತೆಗೆಯುವ ಕೆಲಸ ನೀವೇ ಮಾಡಬೇಡಿ. ಪ್ಲಗ್ ಕಿತ್ತಿದ್ದರೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ.

ಒಂದು ಸಲಕ್ಕೆ ಒಂದೇ

ನಾನು ಹಾಕಿಕೊಂಡ ನಿಯಮ ಎರಡು. ಒಂದು ಸಲಕ್ಕೆ ಒಂದೇ ಬದಲಾವಣೆ. ಅದಾದ ಮೇಲೆ ಕನಿಷ್ಠ ಒಂದು ತಿಂಗಳು ಕೇಳುವುದು. ಎರಡು ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ.

ಎರಡನೇ ಸರದಿ ಸ್ಪೀಕರ್‌ನದು. ಮೃದಂಗದ ಗುಮ್ಕಿ ಬಂದಾಗಲೆಲ್ಲ ಬರ್ರ್ ಅಂತ ಸದ್ದು. ಮುಂದಿನ ಬಟ್ಟೆ ತೆಗೆದು ನೋಡಿದರೆ ವೂಫರ್ ಸುತ್ತಲಿನ ಫೋಮ್ ಅಂಚು ಒಣ ರಸ್ಕ್ ಥರ ಉದುರುತ್ತಿತ್ತು. ಯಾವ ಕಂಪನಿಯದೇ ಆಗಲಿ, ಫೋಮ್ ಅಂಚು ಹದಿನೈದು ಇಪ್ಪತ್ತು ವರ್ಷಕ್ಕೆ ಹೀಗೆ ಪುಡಿಯಾಗುವುದು ಸಾಮಾನ್ಯ. ಸ್ಪೀಕರ್ ಸತ್ತಿದೆ ಅಂತ ಎಷ್ಟೋ ಜನ ಗುಜರಿಗೆ ಹಾಕುವುದು ಈ ಹಂತದಲ್ಲೇ. ಕಾಗದದ ಕೋನ್, ಒಳಗಿನ ಸುರುಳಿ ಚೆನ್ನಾಗಿದ್ದರೆ ಅಂಚು ಮಾತ್ರ ಹೊಸದಾಗಿ ಅಂಟಿಸಬಹುದು. ಎರಡಕ್ಕೂ ಸೇರಿ ₹2,400.

ಮೂರನೇದು ವೈರು. ಮೂವತ್ತು ವರ್ಷದ ಹಿಂದಿನ, ದಾರದಷ್ಟು ತೆಳುವಾದ ವೈರು. ಹತ್ತು ಮೀಟರ್ 16 ಗೇಜ್ ತಾಮ್ರದ ವೈರಿಗೆ ₹650. ಚಿನ್ನದ ಲೇಪ, ಮೀಟರಿಗೆ ಸಾವಿರ ಅನ್ನುವ ವೈರೆಲ್ಲ ಬೇಕಿಲ್ಲ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸರಿಯಾಗಿ ಹೋಗಬೇಕು, ಅಷ್ಟೇ. ಒಂದು ಸ್ಪೀಕರ್‌ಗೆ ಉಲ್ಟಾ ಆದರೆ ಎರಡೂ ಒಂದರ ಸದ್ದನ್ನು ಇನ್ನೊಂದು ತಿಂದುಹಾಕಿ ಬೇಸ್ ಮಾಯವಾಗುತ್ತದೆ.

ನಾಲ್ಕನೇದಕ್ಕೆ ಪೈಸೆ ಖರ್ಚಿಲ್ಲ. ಸ್ಪೀಕರ್‌ಗಳನ್ನು ಮೂಲೆಯಿಂದ ಒಂದೂವರೆ ಅಡಿ ಮುಂದಕ್ಕೆ ತಂದು, ಕೆಳಗೆ ಕಲ್ಲಿಟ್ಟು ಎತ್ತರಿಸಿ, ಸಣ್ಣ ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರುವ ಹಾಗೆ ಮಾಡಿದೆ. ನಮ್ಮದು ರೆಡ್ ಆಕ್ಸೈಡ್ ನೆಲ, ಬರೀ ಗೋಡೆ. ಸದ್ದೆಲ್ಲ ಅಲ್ಲಲ್ಲೇ ಪುಟಿಯುತ್ತಿತ್ತು. ಅಟ್ಟದಲ್ಲಿದ್ದ ಜಮಖಾನ ಹಾಸಿದೆ. ಅಷ್ಟರವರೆಗೆ ಮಾಡಿದ್ದಕ್ಕೆಲ್ಲ ಹೋಲಿಸಿದರೆ ಅತಿ ದೊಡ್ಡ ವ್ಯತ್ಯಾಸ ಕೇಳಿಸಿದ್ದು ಆವತ್ತೇ.

ದೀಪಾವಳಿ ಸೇಲ್‌ನಲ್ಲಿ ಹೊಸ ಆಂಪ್ಲಿಫೈಯರ್ ಕಡೆ ಕೈ ಹೋಗಿತ್ತು. ನಮ್ಮದು 30 ವ್ಯಾಟ್, ಅದು 60. ಓದಿದ ಮೇಲೆ ತಿಳಿಯಿತು, ವ್ಯಾಟ್ ದುಪ್ಪಟ್ಟಾದರೆ ಸದ್ದು ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಅದು ಸ್ವಲ್ಪವೇ ಜಾಸ್ತಿ ಅನ್ನಿಸುವಷ್ಟು. ಅಪ್ಪನೂ ನಕ್ಕರು. "ಗೋಪಾಲಸ್ವಾಮಿಯವರು 30 ವ್ಯಾಟ್‌ನಲ್ಲಿ ರೇಡಿಯೊ ಸ್ಟೇಷನ್ನೇ ನಡೆಸಿದ್ರಮ್ಮಾ."

ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಸಣ್ಣ ಟ್ರಾನ್ಸ್‌ಮೀಟರ್ ಇಟ್ಟುಕೊಂಡು ಶುರುಮಾಡಿದ ಬಾನುಲಿಯ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಪ್ರಸಾರದ ವ್ಯಾಟೇ ಬೇರೆ, ಸ್ಪೀಕರ್‌ನ ವ್ಯಾಟೇ ಬೇರೆ. ಆದರೂ ಮೈಸೂರಿನವರಿಗೆ ಈ ಹೋಲಿಕೆ ಬಿಡಲು ಮನಸ್ಸು ಬರಲ್ಲ. ಹೊಸ ಆಂಪ್ಲಿಫೈಯರ್ ಬದಲು ಹಳೇದರಲ್ಲೇ ಒಣಗಿದ್ದ ಕೆಪಾಸಿಟರ್‌ಗಳನ್ನು ಬದಲಾಯಿಸಿದೆ. ಹಿನ್ನೆಲೆಯ ಗುಂಯ್‌ಗುಡುವಿಕೆ ಹೋಯಿತು. ₹3,200.

ಆಮೇಲೆ ನನ್ನ ಸ್ವಾರ್ಥಕ್ಕೆ ₹1,900ರ ಬ್ಲೂಟೂತ್ ರಿಸೀವರ್. ಈಗ ಫೋನ್‌ನಲ್ಲಿರುವ ಹಾಡೆಲ್ಲ 1988ರ ಸ್ಪೀಕರ್‌ನಲ್ಲಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಖಾಲಿ ಇದೆ ಅಂತ ಅದನ್ನು 'ಫೋನೊ' ಅನ್ನೋ ತೂತಿಗೆ ಸಿಕ್ಕಿಸಿದೆ. ಕಿವಿ ಹರಿದುಹೋಗುವ ಸದ್ದು. ಫೋನೊ ಇರುವುದು ರೆಕಾರ್ಡ್ ಪ್ಲೇಯರ್‌ಗೆ. ಅದರಿಂದ ಬರುವ ಅತಿ ಸಣ್ಣ ಸದ್ದನ್ನು ಹಲವು ಪಟ್ಟು ಹಿಗ್ಗಿಸುವ ಜಾಗ ಅದು. ಬ್ಲೂಟೂತ್ ಹೋಗಬೇಕಾದ್ದು 'ಆಕ್ಸ್' ಅಥವಾ 'ಟ್ಯೂನರ್' ತೂತಿಗೆ. ಕ್ಯಾಸೆಟ್ ಡೆಕ್‌ಗೆ ಹೊಸ ರಬ್ಬರ್ ಬೆಲ್ಟ್, ಹೆಡ್ ಕ್ಲೀನಿಂಗ್ ಸೇರಿ ₹900.

"ಇನ್ನೂ ಮಂಕಾಗೇ ಇದೆ"

ಇಷ್ಟೆಲ್ಲ ಆದ ಮೇಲೂ ಅಪ್ಪನದು ಒಂದೇ ಮಾತು. "ಮೊದಲಿನ ಹಾಗಿಲ್ಲ ಪುಟ್ಟಿ. ಪಿಟೀಲು ಮಂಕು. ತಾಳದ ಸದ್ದೇ ಇಲ್ಲ."

ತಾಳ, ಪಿಟೀಲಿನ ಮೇಲಿನ ಸ್ವರ ಇವೆಲ್ಲ ಟ್ವೀಟರ್ ಕೆಲಸ. ಸರಿ, ಟ್ವೀಟರ್ ಹೋಗಿರಬೇಕು ಅಂತ ಜೋಡಿಗೆ ₹1,800 ಕೊಟ್ಟು ಬದಲಾಯಿಸಿದೆ. ನನಗೆ ಸ್ವಲ್ಪ ಚುಚ್ಚುವ ಹಾಗಾಯಿತು. ಅಪ್ಪ ಕಣ್ಣುಮುಚ್ಚಿ ಕೇಳಿ, ತಲೆ ಅಲ್ಲಾಡಿಸಿ, ಎದ್ದುಹೋದರು. ನನಗೆ ಸಿಟ್ಟು ಬಂತು. ಇಷ್ಟು ಮಾಡಿದ್ರೂ ಇವರಿಗೆ ಸಮಾಧಾನ ಇಲ್ವಲ್ಲ ಅಂತ.

ಆವತ್ತು ರಾತ್ರಿ ಪಾತ್ರೆ ಒರೆಸುತ್ತಾ ಅಮ್ಮ ಅಂದರು, "ನಿಮ್ಮಪ್ಪಂಗೆ ಮೂರು ವಿಷಲ್ ಆದ್ಮೇಲೆ ಕುಕ್ಕರ್ ಆರ್ಸಿ ಅಂತ ಹೇಳಿ ಹೂ ತರೋಕೆ ಹೋಗಿದ್ದೆ. ಬಂದ್ರೆ ಬೇಳೆ ತಳ ಹಿಡಿದಿದೆ. ಪೇಪರ್ ಓದ್ಕೊಂಡು ಪಕ್ಕದಲ್ಲೇ ಕೂತಿದ್ದಾರೆ."

ನನಗೆ ಒಂದೊಂದೇ ನೆನಪಾಗತೊಡಗಿತು. ಒಂಟಿಕೊಪ್ಪಲಿನ 8ನೇ ಕ್ರಾಸ್ ಗಣಪತಿ ಸಂಗೀತಕ್ಕೆ ವರ್ಷ ತಪ್ಪದೆ ಹೋಗುತ್ತಿದ್ದವರು ಎರಡು ವರ್ಷದಿಂದ ಕಾಲುನೋವು ಅಂತ ಹೋಗಿರಲಿಲ್ಲ. ಊಟಕ್ಕೆ ಕೂತಾಗ ಮಾತು ಕಡಿಮೆಯಾಗಿತ್ತು. ನಾನು ಏನಾದರೂ ಕೇಳಿದರೆ "ಹ್ಞೂ" ಅಂತಿದ್ದರು, ಪ್ರಶ್ನೆಗೆ ಹೊಂದದಿದ್ದರೂ. ರಿಟೈರ್ ಆದ ಮೇಲೆ ಮಂಕಾಗಿದ್ದಾರೆ ಅಂದುಕೊಂಡಿದ್ದೆವು. ಸ್ಟೀರಿಯೊ ಕೆಟ್ಟ ಮೇಲೆ ಬೇಜಾರು ಅಂತಲೂ.

ಭಾನುವಾರ ಬೆಳಗ್ಗೆ ಫೋನ್‌ನಲ್ಲಿ ಒಂದೇ ಶ್ರುತಿಯ ಸದ್ದು ಹೊರಡಿಸುವ ಆ್ಯಪ್ ಹಾಕಿಕೊಂಡು ಬ್ಲೂಟೂತ್‌ಗೆ ಸೇರಿಸಿದೆ. ವಾಲ್ಯೂಮ್ ಕಡಿಮೆ ಇಟ್ಟು, "ಅಪ್ಪಾ, ಹೊಸ ಟ್ವೀಟರ್ ಟೆಸ್ಟ್ ಮಾಡೋಣ, ಕೇಳಿಸಿದಾಗ ಕೈ ಎತ್ತಿ" ಅಂದೆ. 500 ಹರ್ಟ್ಸ್, ಕೈ ಎತ್ತಿದರು. 1,000, ಎತ್ತಿದರು. 2,000, ಸ್ವಲ್ಪ ತಡವಾಗಿ ಎತ್ತಿದರು. 4,000ಕ್ಕೆ ಹೋದಾಗ ಹಾಲ್ ತುಂಬ ಕೀಂ ಅನ್ನುತ್ತಿತ್ತು. ಅಡುಗೆಮನೆಯಿಂದ ಅಮ್ಮ "ಏನೇ ಅದು, ಆರ್ಸೇ" ಅಂತ ಕೂಗಿದರು.

ಅಪ್ಪ ನನ್ನ ಮುಖವನ್ನೇ ನೋಡುತ್ತಾ ಕೇಳಿದರು, "ಹಾಕಿದ್ಯಾ?"

ಮಾನಸಗಂಗೋತ್ರಿಯಲ್ಲಿ ಒಂದು ಬೆಳಗ್ಗೆ

ಫೋನ್ ಆ್ಯಪ್‌ನಲ್ಲಿ ಮಾಡಿದ್ದು ವೈದ್ಯಕೀಯ ಪರೀಕ್ಷೆ ಅಲ್ಲ. ಆದರೆ ಎಲ್ಲಿಗೆ ಹೋಗಬೇಕು ಅಂತ ಅದು ಹೇಳಿತು. ಆ ವಿಷಯದಲ್ಲಿ ಮೈಸೂರಿನವರು ಅದೃಷ್ಟವಂತರು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಾವೆಲ್ಲ 'ಐಷ್' ಅನ್ನುವುದು, ಮಾನಸಗಂಗೋತ್ರಿಯಲ್ಲೇ ಇದೆ. 1960ರ ದಶಕದಲ್ಲಿ ಅದಕ್ಕೆ ಜಾಗ ಕೊಟ್ಟವರು ಜಯಚಾಮರಾಜ ಒಡೆಯರ್. ಅದೇ ಒಡೆಯರ್ 1940ರ ದಶಕದ ಕೊನೆಗೆ ರಷ್ಯಾದ ಸಂಯೋಜಕ ಮೆಟ್ನರ್ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು, ಅಲ್ಲಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಒಳ್ಳೆ ರೆಕಾರ್ಡಿಂಗ್‌ನ ಹುಚ್ಚಿದ್ದವರು ಕಿವಿಯ ಆಸ್ಪತ್ರೆಗೂ ಜಾಗ ಕೊಟ್ಟರು ಅನ್ನುವುದು ಬಸ್ಸಿನಲ್ಲಿ ಅಪ್ಪನೇ ಹೇಳಿದ ಮಾತು. ಅಲ್ಲಿಗೆ ಬರಲು ಒಪ್ಪಿಸಲು ಮಾತ್ರ ಎರಡು ವಾರ ಬೇಕಾಯಿತು. "ನಂಗೇನು ಕಿವುಡಾ?" ಅನ್ನುವುದು ಮುಗಿಯಬೇಕಿತ್ತಲ್ಲ.

ಮೊದಲು ಕಿವಿಯಲ್ಲಿ ಗುಗ್ಗೆ ಇದೆಯಾ ಅಂತ ನೋಡಿದರು. ಆಮೇಲೆ ಸದ್ದು ಬಾರದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, 250ರಿಂದ 8,000 ಹರ್ಟ್ಸ್‌ವರೆಗೆ ಒಂದೊಂದೇ ಶ್ರುತಿ. ಕೊನೆಗೆ ಒಂದು ಗ್ರಾಫ್. ಎಡದಿಂದ ಬಲಕ್ಕೆ ಬರುತ್ತಾ ಗೆರೆ ಬೆಟ್ಟದಿಂದ ಇಳಿದ ಹಾಗೆ ಕೆಳಕ್ಕೆ ಜಾರಿತ್ತು.

ವಯಸ್ಸಿನೊಂದಿಗೆ ಮೊದಲು ಹೋಗುವುದು ಮೇಲಿನ ಶ್ರುತಿಗಳು. ತಾಳದ ಝಲ್ಲು, ಪಿಟೀಲಿನ ಹೊಳಪು, ಕುಕ್ಕರ್ ವಿಷಲ್ ಅಷ್ಟೇ ಅಲ್ಲ, ಮಾತಿನಲ್ಲಿನ ಸ, ಶ, ತ ಕೂಡ. ಹಾಗಾಗಿ ಸದ್ದು ಕೇಳಿಸುತ್ತದೆ, ಮಾತು ಅರ್ಥವಾಗುವುದಿಲ್ಲ. 'ಎಲ್ಲರೂ ಗೊಣಗ್ತಾರೆ' ಅನ್ನಿಸುತ್ತದೆ. ಕೇಳಿ ಕೇಳಿ ಸಾಕಾಗಿ ಮನುಷ್ಯ ಸುಮ್ಮನಾಗುತ್ತಾನೆ. ಜೋರಾಗಿ ಕೂಗಿದರೆ ಪ್ರಯೋಜನವಿಲ್ಲ, ಕೆಳಗಿನ ಶ್ರುತಿಗಳು ಮೊದಲೇ ಚೆನ್ನಾಗಿ ಕೇಳಿಸುತ್ತಿರುತ್ತವೆ. ಶ್ರವಣ ಸಾಧನ ಮಾಡುವುದು ಕಳೆದುಹೋದ ಶ್ರುತಿಗಳನ್ನು ಮಾತ್ರ ಎತ್ತಿಕೊಡುವ ಕೆಲಸ. ಒಂಥರಾ ಅಪ್ಪನ ಕಿವಿಗೇ ಟ್ರೆಬಲ್ ನಾಬ್.

ಎರಡು ಕಿವಿಗೂ ಒಂದೊಂದು ತಗೊಂಡೆವು. ಬೆಲೆ ಸ್ಟೀರಿಯೊಗೆ ಹಾಕಿದ್ದಕ್ಕಿಂತ ಜಾಸ್ತಿಯೇ. ಮೊದಲ ವಾರ ಅಪ್ಪ ಒದ್ದಾಡಿದರು. ತಟ್ಟೆ ಸದ್ದು, ಪೇಪರ್ ಸರಸರ, ಎಲ್ಲಾ ಜಾಸ್ತಿ. ಎರಡು ಸಲ ಹೋಗಿ ಹೊಂದಿಸಿಕೊಂಡು ಬಂದೆವು. ಈ ಸಾಧನಗಳು ಮುಖ್ಯವಾಗಿ ಮಾತಿಗೆಂದು ಹೊಂದಿಸಿದವು. ನಿಮ್ಮ ಮನೆಯ ಹಿರಿಯರಿಗೆ ಸಂಗೀತದ ಅಭ್ಯಾಸ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಎಷ್ಟೋ ಸಾಧನಗಳಲ್ಲಿ ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಇರುತ್ತದೆ.

ಲೆಕ್ಕ

ಸ್ಪ್ರೇ 400, ಫೋಮ್ 2,400, ವೈರು 650, ಕೆಪಾಸಿಟರ್ 3,200, ಬ್ಲೂಟೂತ್ 1,900, ಡೆಕ್ 900, ಟ್ವೀಟರ್ 1,800. ಹದಿನಾಲ್ಕು ತಿಂಗಳಿಗೆ ಒಟ್ಟು ₹11,250. ಇದರಲ್ಲಿ ಟ್ವೀಟರ್ ದುಡ್ಡು ದಂಡ. ಹಳೇ ಟ್ವೀಟರ್ ಚೆನ್ನಾಗೇ ಇತ್ತು, ಈಗ ಮತ್ತೆ ಅದನ್ನೇ ಹಾಕಿಸಿದ್ದೇನೆ. ಸರಪಳಿ ಅಂತ ಮೊದಲೇ ಹೇಳಿದೆನಲ್ಲ, ಕೋಣೆಗೆ ಬಂದು ನಿಲ್ಲಿಸಿದ್ದೆ. ಅಲ್ಲಿ ಕೂತು ಕೇಳುವವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸೌಂಡ್‌ಬಾರ್ ತಂದಿದ್ದರೆ? ಅದೂ ಮಂಕು ಅಂತಿದ್ದರು. ಮಗಳು ದುಡ್ಡು ಹಾಕಿದ್ದಾಳೆ ಅಂತ ಬಹುಶಃ ಹೇಳುತ್ತಲೂ ಇರಲಿಲ್ಲ. ಸುಮ್ಮನೆ ಎದ್ದು ಹೋಗುತ್ತಿದ್ದರು.

ಈ ಸಲ ಗಣೇಶನ ಹಬ್ಬಕ್ಕೆ ಬಡಾವಣೆಯ ಪೆಂಡಾಲಿನಲ್ಲಿ ಕಚೇರಿ ಇತ್ತು. ಅಪ್ಪ ಎರಡನೇ ಸಾಲಿನಲ್ಲಿ ಕೂತು ತೊಡೆ ಮೇಲೆ ತಾಳ ಹಾಕುತ್ತಿದ್ದರು. ಮುಗಿದ ಮೇಲೆ ಹೇಗಿತ್ತಪ್ಪಾ ಅಂತ ಕೇಳಿದೆ.

"ಹಾಡಿಕೆ ಚೆನ್ನಾಗಿತ್ತು. ಮೈಕ್‌ನವನು ಮಾತ್ರ ಟ್ರೆಬಲ್ ಜಾಸ್ತಿ ಇಟ್ಟುಬಿಟ್ಟಿದ್ದ" ಅಂದರು. ಮನೆವರೆಗೂ ಅದನ್ನೇ ಬೈದುಕೊಂಡು ಬಂದರು.