ಕುಂಚ ಒಬ್ಬರದು, ಗಲ್ಲಾಪೆಟ್ಟಿಗೆ ಇನ್ನೊಬ್ಬರದು

ಜಂಗಮಕೋಟೆ: ದಲ್ಲಾಳಿ ಎಂದರೆ ಯಾರು ಎಂದು ಈ ಹೋಬಳಿಯ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಜಮೀನಿಗೆ ದಲ್ಲಾಳಿ, ಹಸುವಿಗೆ ದಲ್ಲಾಳಿ, ಮದುವೆ ಸಂಬಂಧಕ್ಕೂ ದಲ್ಲಾಳಿ. ಕೈಗಾರಿಕಾ ಪ್ರದೇಶಕ್ಕೆ ಭೂಮಿ ಕೊಡಬೇಕೋ ಬೇಡವೋ ಎಂಬ ಗಲಾಟೆ ಎದ್ದ ಮೇಲಂತೂ ಕ್ರಾಸಿನ ಟೀ ಅಂಗಡಿಯಲ್ಲಿ ಎಕರೆ ಲೆಕ್ಕದ್ದೇ ಮಾತು. ಆದರೆ ಚಿತ್ರಪಟಕ್ಕೂ ದಲ್ಲಾಳಿ ಇದ್ದಾನೆ, ಅದನ್ನೇ ಕಸುಬು ಮಾಡಿಕೊಂಡು ಮನೆ ಕಟ್ಟಿಸಿದವರಿದ್ದಾರೆ ಎಂದರೆ ‘ಹೋಗಯ್ಯಾ, ಸುಮ್ಕಿರು’ ಅನ್ನುವವರೇ ಹೆಚ್ಚು.

ಹಳ್ಳಿ ಕಡೆ ಚಿತ್ರ ಬರೆಯುವ ಕೈಗೆ ಮೊದಲಿಂದ ಇದ್ದದ್ದು ಒಂದೇ ದಾರಿ, ಬೋರ್ಡು ಬರೆಯುವುದು. ಕಿರಾಣಿ ಅಂಗಡಿಯ ಹೆಸರು, ಗೋಡೆ ಮೇಲೆ ಗೊಬ್ಬರದ ಜಾಹೀರಾತು, ಲಾರಿ ಹಿಂದೆ ಹೂವು ಬಳ್ಳಿ, ಎಲೆಕ್ಷನ್ ಬಂದರೆ ಚಿಹ್ನೆ. ಫ್ಲೆಕ್ಸ್ ಬಂದದ್ದೇ ಬಂದದ್ದು, ಆ ಅನ್ನಕ್ಕೆ ಕಲ್ಲು ಬಿತ್ತು. ಅಂಗಡಿಯವರನ್ನು ಬೈದು ಫಲವಿಲ್ಲ. ಒಂದು ಗಂಟೆಯಲ್ಲಿ ಅಗ್ಗವಾಗಿ ಸಿಗುವುದನ್ನು ಬಿಟ್ಟು ನಾಲ್ಕು ದಿನ ಕಾಯುವವರು ಯಾರು? ಹೀಗಾಗಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ‘ಅಪ್ಪಾ, ಡ್ರಾಯಿಂಗ್ ಓದ್ತೀನಿ’ ಅಂದರೆ ‘ಹೊಟ್ಟೆಗೆ ಬಣ್ಣ ತಿಂತೀಯೇನೋ?’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಅಪ್ಪನ ಪ್ರಶ್ನೆ ತಪ್ಪೇನಲ್ಲ. ಬಣ್ಣದಿಂದಲೇ ಹೊಟ್ಟೆ ತುಂಬಿಸಿಕೊಳ್ಳುವವರು ಕಡಿಮೆ. ಬಣ್ಣದ ಸುತ್ತಮುತ್ತ ಇದ್ದು ತುಂಬಿಸಿಕೊಳ್ಳುವವರು ಜಾಸ್ತಿ. ಹುಡುಗರಿಗೆ ಯಾರೂ ಹೇಳದ ವಿಷಯ ಇದೇ.

ಓದಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ, 1960ರಲ್ಲಿ ಹುಟ್ಟಿದ್ದು. ಮೈಸೂರಿನಲ್ಲಿ ಚಾಮರಾಜೇಂದ್ರರ ಹೆಸರಿನ ದೃಶ್ಯಕಲಾ ಕಾಲೇಜಿದೆ, ಅದರ ಬೇರು 1906ರಷ್ಟು ಹಿಂದಕ್ಕೆ ಹೋಗುತ್ತದೆ. ಡಿಗ್ರಿ ಸಿಗುತ್ತದೆ. ಆಮೇಲೆ? ಡ್ರಾಯಿಂಗ್ ಮೇಷ್ಟ್ರ ಕೆಲಸ ಎಂದು ಕಾದು ಕೂತರೆ ಗಡ್ಡ ಬೆಳ್ಳಗಾಗುತ್ತದೆ.

ಗ್ಯಾಲರಿ ಎಂದರೆ ಚಿತ್ರದ ಅಂಗಡಿ, ಅಷ್ಟೆ. ಅಂಗಡಿ ಅಂದ ಮೇಲೆ ಕೆಲಸವೂ ಉಂಟು. ಪಟಕ್ಕೆ ಚೌಕಟ್ಟು ಹಾಕಬೇಕು, ಮಟ್ಟ ನೋಡಿ ತೂಗುಹಾಕಬೇಕು, ಬೆಳಕು ಹೊಂದಿಸಬೇಕು. ಬಂದ ಪಟದಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ಬೂಷ್ಟು ಹಿಡಿದಿದೆ ಎಂದು ಬರೆದಿಡಬೇಕು. ಇಲ್ಲವಾದರೆ ವಾಪಸ್ ಕೊಡುವಾಗ ಜಗಳ. ಯಾವ ಪಟ ಯಾರ ಕೈಯಿಂದ ಯಾರಿಗೆ ಹೋಯಿತು ಎಂಬ ಲೆಕ್ಕ ಇಡುವವನೊಬ್ಬ, ಹಳೆಯದನ್ನು ರಿಪೇರಿ ಮಾಡುವವನೊಬ್ಬ, ಯಾವುದರ ಪಕ್ಕ ಯಾವುದಿರಬೇಕು ಎಂದು ಯೋಚಿಸಿ ಪ್ರದರ್ಶನ ಜೋಡಿಸುವವನೊಬ್ಬ. ಇವನನ್ನೇ ಕ್ಯುರೇಟರ್ ಅನ್ನುತ್ತಾರೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ತೆರೆಯಿತು. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಖಾಸಗಿಯವರ ದೊಡ್ಡ ಮ್ಯೂಸಿಯಂ ಬಂತು. ಇಂಥ ಕಡೆ ಕುಂಚ ಹಿಡಿಯದೆಯೇ ಸಂಬಳ ಎಣಿಸುವವರಿದ್ದಾರೆ. ಹೀಗೆ ನಾಲ್ಕಾರು ವರ್ಷ ಪಟ ಹೊತ್ತು, ಯಾವುದು ಅಸಲಿ ಯಾವುದು ನಕಲಿ, ಯಾವ ಸಾಹುಕಾರನಿಗೆ ಏನು ಇಷ್ಟ ಎಂದು ತಿಳಿದುಕೊಂಡವನು ಮುಂದೆ ತಾನೇ ವ್ಯಾಪಾರಕ್ಕೆ ಇಳಿಯುತ್ತಾನೆ. ಅವನೇ ಚಿತ್ರದ ದಲ್ಲಾಳಿ, ದೊಡ್ಡ ಮಾತಿನಲ್ಲಿ ಡೀಲರ್.

ಇನ್ನು ಬರೆದವನ ಪಾಡು. ಗ್ಯಾಲರಿ ಮಾರಿಕೊಟ್ಟರೆ ಬಂದ ದುಡ್ಡಿನಲ್ಲಿ ಮೂರರಲ್ಲೊಂದು ಪಾಲಿನಿಂದ ಹಿಡಿದು ಅರ್ಧದವರೆಗೂ ಮುರಿದುಕೊಳ್ಳುವುದು ವಾಡಿಕೆ. ಬಾಡಿಗೆ, ಕರೆಂಟು, ಕ್ಯಾಟಲಾಗು, ಗಿರಾಕಿಗಳನ್ನು ಕರೆತರುವ ಖರ್ಚು ಎಲ್ಲಾ ಅವರದೇ ಎಂಬುದೂ ನಿಜ. ಆದರೂ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಕಂಡ ರೈತನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಲಾಟು ಎದುರಿಗಿರುತ್ತದೆ, ರೀಲರುಗಳು ಹರಾಜಿನಲ್ಲಿ ಬೆಲೆ ಹಾಕುತ್ತಾರೆ, ತೂಕ ಆಗುತ್ತದೆ, ಚೀಟಿ ಕೈಗೆ ಬರುತ್ತದೆ. ರೇಟು ಬಿದ್ದರೆ ಬೈಯಲಿಕ್ಕಾದರೂ ಒಂದು ಅಂಕಿ ಇರುತ್ತದೆ. ಚಿತ್ರದ ವ್ಯಾಪಾರದಲ್ಲಿ ಪಟ ಎಷ್ಟಕ್ಕೆ ಹೋಯಿತು ಎಂಬುದೇ ಎಷ್ಟೋ ಸಲ ಬರೆದವನಿಗೆ ಗೊತ್ತಾಗುವುದಿಲ್ಲ. ಬಾಯಿಮಾತಿನಲ್ಲಿ ಪಟ ಕೊಟ್ಟು, ರಸೀತಿ ಕೇಳಲು ಸಂಕೋಚಪಟ್ಟವನ ಗತಿ ಅಷ್ಟೇ. ಗೂಡು ಕೊಟ್ಟು ಚೀಟಿ ಬಿಟ್ಟು ಬರುವ ರೈತ ಎಲ್ಲಾದರೂ ಉಂಟೇ?

ದಲ್ಲಾಳಿ ಬೇಡ ಅನ್ನುವವರಿಗೆ ಚಿತ್ರಸಂತೆ ಇದೆ. ಪರಿಷತ್ತಿನ ಮುಂದಿನ ರಸ್ತೆಯಲ್ಲೇ ಜನವರಿಯ ಒಂದು ಭಾನುವಾರ ನಡೆಯುತ್ತದೆ. 2025ರ ಜನವರಿ 5ರಂದು ನಡೆದದ್ದು 22ನೆಯದು. ಬರೆದವನೇ ಫುಟ್‌ಪಾತಿನಲ್ಲಿ ಕೂತು ಮಾರುತ್ತಾನೆ, ನೂರು ರೂಪಾಯಿಯ ಪಟವೂ ಲಕ್ಷದ ಪಟವೂ ಒಂದೇ ಬಿಸಿಲಿನಲ್ಲಿ. ಚೌಕಾಸಿ ಧಾರಾಳ. ಆದರೆ ಸಂತೆ ಒಂದು ದಿನದ್ದು, ವರ್ಷದ ಮಿಕ್ಕ 364 ದಿನ ಉಣ್ಣಬೇಕಲ್ಲ!

ದೊಡ್ಡ ಆಟ ಬೇರೆಯೇ. ಬೊಂಬಾಯಿಯಲ್ಲಿ ಸಿನಿಮಾ ಬೋರ್ಡು ಬರೆದು ಮೇಲೆ ಬಂದ ಎಂ. ಎಫ್. ಹುಸೇನರು 1954ರಲ್ಲಿ ಬರೆದ ‘ಗ್ರಾಮ ಯಾತ್ರೆ’ ಎಂಬ ಪಟ ದಶಕಗಳ ಕಾಲ ನಾರ್ವೆ ದೇಶದ ಓಸ್ಲೋ ನಗರದ ಆಸ್ಪತ್ರೆಯಲ್ಲಿತ್ತು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಹುಸೇನರು ತೀರಿಕೊಂಡದ್ದು 2011ರಲ್ಲಿ. ಮಾರಿದವರಿಗೆ ಬಂತು, ಹರಾಜು ಕಂಪನಿಗೂ ಬಂತು.

ನಮ್ಮ ಕಾಯಿದೆಯಲ್ಲಿ ಇದಕ್ಕೊಂದು ಮದ್ದು ಬರೆದಿಟ್ಟಿದ್ದಾರೆ. ಕಾಪಿರೈಟ್ ಕಾಯಿದೆಗೆ 1994ರಲ್ಲಿ ಸೇರಿದ 53ಎ ಕಲಮಿನ ಪ್ರಕಾರ, ಮೂಲ ಚಿತ್ರ ಮತ್ತೆ ಕೈ ಬದಲಾಗುವಾಗ ಬೆಲೆ ಹತ್ತು ಸಾವಿರ ರೂಪಾಯಿ ಮೀರಿದರೆ ಕಲಾವಿದನಿಗೆ ಅಥವಾ ವಾರಸುದಾರರಿಗೆ ಪಾಲು ಕೇಳುವ ಹಕ್ಕಿದೆ, ಹೆಚ್ಚೆಂದರೆ ನೂರಕ್ಕೆ ಹತ್ತು. ನ್ಯೂಯಾರ್ಕಿಗೆ ಇದು ತಾಗದು. ಇಲ್ಲಿ ತಾಗುತ್ತದೆ, ಆದರೆ ಕೇಳಬೇಕಾದರೆ ಕಾಗದ ಬೇಕು, ಪಟ ಯಾರಿಗೆ ಮಾರಿದೆ ಎಂಬ ದಾಖಲೆ ಬೇಕು. ಸಂತೆಯಲ್ಲಿ ಸುರುಳಿ ಸುತ್ತಿ ಕೊಟ್ಟು ಕಳಿಸಿದವನ ಹತ್ತಿರ ಏನಿರುತ್ತದೆ?

ಇಷ್ಟೆಲ್ಲಾ ಬೆಂಗಳೂರಿನ ಮಾತಾಯಿತು, ನಮಗ್ಯಾಕೆ ಅನ್ನಬೇಡಿ. ಈ ವ್ಯಾಪಾರದ ಒಂದು ತುದಿ ಹಳ್ಳಿಯ ಬಾಗಿಲಲ್ಲೇ ಇರುತ್ತದೆ. ಹಳೇ ಹಿತ್ತಾಳೆ ಕೊಟ್ಟರೆ ಹೊಸ ಸ್ಟೀಲು ಪಾತ್ರೆ ಕೊಡುತ್ತೇವೆ ಎಂದು ಕೂಗಿಕೊಂಡು ಬರುವವರನ್ನು ಯಾರು ನೋಡಿಲ್ಲ? ಅಟ್ಟದ ಮೇಲಿನ ದೀಪದ ಕಂಬ, ದೇವರ ಕೋಣೆಯಲ್ಲಿ ಹೊಗೆ ಹಿಡಿದು ಕಪ್ಪಾದ ಚಿನ್ನದ ರೇಕಿನ ಮೈಸೂರು ಪಟ, ಬಟ್ಟೆಯಲ್ಲಿ ಕಟ್ಟಿಟ್ಟ ತಾಳೆಗರಿ. ‘ಇದ್ಯಾತಕ್ಕಮ್ಮಾ, ಹುಳ ಬಿದ್ದೈತೆ’ ಎನ್ನುತ್ತಲೇ ಎತ್ತಿಕೊಂಡು ಹೋಗುತ್ತಾರೆ. ಅಜ್ಜಿಗೆ ಒಂದು ಕೊಡ ಸಿಕ್ಕಿತೆಂಬ ಸಂತೋಷ.

1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರ ಮುಂತಾದವು ಪುರಾತನ ವಸ್ತು. ಬೆಲೆಯುಳ್ಳ ಕೈಬರಹದ ಗ್ರಂಥವಾದರೆ 75 ವರ್ಷ ಸಾಕು. ಇವುಗಳ ವ್ಯಾಪಾರ ಮಾಡುವವರಿಗೆ ಕೇಂದ್ರ ಪುರಾತತ್ವ ಇಲಾಖೆಯ ಲೈಸೆನ್ಸ್ ಇರಲೇಬೇಕು. ಖಾಸಗಿಯವರು ದೇಶದ ಹೊರಗೆ ಸಾಗಿಸುವಂತೆಯೇ ಇಲ್ಲ. ಮನೆಯವರು ಇಟ್ಟುಕೊಳ್ಳುವುದು ಅಪರಾಧವಲ್ಲ, ವಿಗ್ರಹ, ಪಟಗಳಂಥವನ್ನು ನೋಂದಾಯಿಸಬೇಕು, ಅಷ್ಟೆ.

ಬಾಗಿಲಿಗೆ ಬಂದವನನ್ನು ‘ಲೈಸೆನ್ಸ್ ಎಲ್ಲಪ್ಪಾ, ತೋರಿಸು’ ಎಂದು ಕೇಳಿದರೆ ಸಾಕು, ಅರ್ಧ ಜನ ಅಲ್ಲಿಂದಲೇ ಗಾಡಿ ತಿರುಗಿಸುತ್ತಾರೆ. ಡ್ರಾಯಿಂಗ್ ಓದುತ್ತೇನೆ ಎಂದು ಹಠ ಹಿಡಿದ ಹುಡುಗ ಮನೆಯಲ್ಲಿದ್ದರೆ, ಮೊದಲು ಅವನ ಕೈಯಿಂದಲೇ ಆ ಕಪ್ಪಾದ ಪಟದ ಫೋಟೋ ತೆಗೆಸಿ, ಅಳತೆ, ಯಾರಿಂದ ಬಂತು, ಯಾವ ಕಾಲದ್ದು ಎಂದು ಅಜ್ಜಿಯನ್ನು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆಸಿಡಿ. ಗ್ಯಾಲರಿಗೆ ಸೇರಿದ ಮೊದಲ ದಿನ ಅವನಿಗೆ ಕೊಡುವ ಕೆಲಸವೂ ಇದೇ.