ಹಲವು ಸಂಖ್ಯೆಗಳಿಗೆ ಒಬ್ಬ ಪ್ರತಿನಿಧಿ

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಸ್ಪರ್ಧಾತ್ಮಕ ಪರೀಕ್ಷೆಯೊಂದಕ್ಕೆ ಸಿದ್ಧನಾಗುತ್ತಿದ್ದನು. ಸಂಖ್ಯಾಶಾಸ್ತ್ರದ ಸೂತ್ರಗಳನ್ನೆಲ್ಲ ಪುಟ್ಟ ಪುಸ್ತಕವೊಂದರಲ್ಲಿ ಬರೆದುಕೊಂಡು ಹಗಲಿರುಳೂ ಉರುಹೊಡೆದನು. ಪರೀಕ್ಷೆ ಮುಗಿಸಿ ಬಂದಾಗ ಅವನ ಮುಖ ಬಾಡಿತ್ತು. ಅವನನ್ನು ಕೆಡವಿದ ಪ್ರಶ್ನೆ ಬಹಳ ಸರಳವಾದುದು: ಒಂದು ತರಗತಿಯ ೪೦ ವಿದ್ಯಾರ್ಥಿಗಳ ಸರಾಸರಿ ಅಂಕ ೬೨, ಇನ್ನೊಂದು ತರಗತಿಯ ೧೦ ವಿದ್ಯಾರ್ಥಿಗಳ ಸರಾಸರಿ ಅಂಕ ೫೨, ಎಲ್ಲರ ಒಟ್ಟು ಸರಾಸರಿ ಎಷ್ಟು? ಅವನು ೬೨ನ್ನೂ ೫೨ನ್ನೂ ಕೂಡಿಸಿ ಅರ್ಧಮಾಡಿ ೫೭ ಎಂದು ಗುರುತು ಹಾಕಿ ಬಂದಿದ್ದನು. ಸೂತ್ರವು ಅವನಿಗೆ ಗೊತ್ತಿತ್ತು; ಸರಾಸರಿ ಎಂದರೇನೆಂಬುದು ಗೊತ್ತಿರಲಿಲ್ಲ.

ಸರಾಸರಿಯ ಅರ್ಥವನ್ನು ತಿಳಿಯಲು ಒಂದು ಅಳತೆಪಟ್ಟಿಯನ್ನು ಕಲ್ಪಿಸಿಕೊಳ್ಳೋಣ. ಪ್ರತಿಯೊಬ್ಬ ವಿದ್ಯಾರ್ಥಿಯ ಅಂಕವಿರುವ ಗೆರೆಯ ಮೇಲೂ ಒಂದೊಂದು ಸಮತೂಕದ ಬೊಟ್ಟನ್ನು ಇಡೋಣ. ಪಟ್ಟಿಗೆ ತನ್ನದೇ ತೂಕವಿಲ್ಲವೆಂದು ಭಾವಿಸಿದರೆ, ಅದು ಯಾವ ಬಿಂದುವಿನ ಮೇಲೆ ಓಲಾಡದೆ ನಿಲ್ಲುವುದೋ ಅದೇ ಸರಾಸರಿ. ಭೌತಶಾಸ್ತ್ರದಲ್ಲಿ ಅದನ್ನೇ ಗುರುತ್ವಕೇಂದ್ರ ಎನ್ನುತ್ತೇವೆ. ಮೇಲಿನ ಪ್ರಶ್ನೆಯಲ್ಲಿ ೬೨ರ ಬಳಿ ೪೦ ಬೊಟ್ಟುಗಳ ಭಾರವಿದೆ, ೫೨ರ ಬಳಿ ೧೦ ಮಾತ್ರ. ಆದುದರಿಂದ ಸಮತೋಲದ ಬಿಂದುವು ಭಾರವಿರುವ ಕಡೆಗೇ ಸರಿಯಬೇಕು. ಒಟ್ಟು ಅಂಕ ೨,೪೮೦ ಮತ್ತು ೫೨೦, ಅಂದರೆ ೩,೦೦೦. ೫೦ ಜನರಿಗೆ ಹಂಚಿದರೆ ೬೦. ಇಲ್ಲಿಂದ ಒಂದು ಕಡೆಗೆ ದೂರ ೨, ಇನ್ನೊಂದು ಕಡೆಗೆ ೮. ನಲವತ್ತೆರಡಲ ಎಂಬತ್ತು, ಹತ್ತೆಂಟಲ ಎಂಬತ್ತು; ತಕ್ಕಡಿ ಸರಿಯಾಗಿ ನಿಂತಿತು.

ಇದನ್ನು ಗ್ರಹಿಸಿದವನಿಗೆ ಮತ್ತೊಂದು ಬಗೆಯ ಪ್ರಶ್ನೆಯೂ ಸುಲಭ. ೨೦ ಮಂದಿಯ ಸರಾಸರಿ ೪೦ ಎಂದು ಲೆಕ್ಕಹಾಕಿದ ಮೇಲೆ, ಒಬ್ಬನ ೮೪ ಅಂಕವನ್ನು ತಪ್ಪಾಗಿ ೪೮ ಎಂದು ಬರೆದಿದ್ದುದು ಕಂಡುಬಂದಿತೆನ್ನಿ. ಮೊದಲಿನಿಂದ ಕೂಡಿಸಬೇಕಾಗಿಲ್ಲ. ಮೊತ್ತಕ್ಕೆ ೩೬ ಸೇರಿತು. ಅದು ಇಪ್ಪತ್ತು ಪಾಲಾಗಿ ಪ್ರತಿಯೊಬ್ಬರಿಗೂ ೧.೮ ಬಂದಿತು, ಸರಾಸರಿ ೪೧.೮ ಆಯಿತು.

ಆದರೆ ಎಲ್ಲ ಸಂದರ್ಭಗಳಲ್ಲಿಯೂ ಸರಾಸರಿಯು ಒಳ್ಳೆಯ ಪ್ರತಿನಿಧಿಯಾಗಲಾರದು. ಒಂದು ಸಣ್ಣ ಕಾರ್ಖಾನೆಯ ಐವರು ಕೆಲಸಗಾರರ ತಿಂಗಳ ಸಂಬಳ ಕ್ರಮವಾಗಿ ೧೨, ೧೨, ೧೪, ೧೬ ಮತ್ತು ೧೮ ಸಾವಿರ ರೂಪಾಯಿ. ಮಾಲೀಕನ ವರಮಾನ ೧೦೮ ಸಾವಿರ. ಆರು ಜನರ ಸರಾಸರಿ ೩೦ ಸಾವಿರ. ಈ ಮೊತ್ತವನ್ನು ಅಲ್ಲಿ ಯಾರೊಬ್ಬರೂ ಪಡೆಯುತ್ತಿಲ್ಲ! ದೂರದಲ್ಲಿ ಕುಳಿತ ಒಂದೇ ಬೊಟ್ಟು ಸಮತೋಲವನ್ನು ತನ್ನ ಕಡೆಗೆ ಎಳೆದುಕೊಂಡಿದೆ. ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿರಿಸಿ ನಡುವಿನದನ್ನು ಆರಿಸಿದರೆ ದೊರೆಯುವುದು ಮಧ್ಯಾಂಕ. ಇಲ್ಲಿ ನಡುವೆ ಎರಡು ಸಂಖ್ಯೆಗಳಿರುವುದರಿಂದ ಅವುಗಳ ಸರಾಸರಿಯಾದ ೧೫ ಸಾವಿರವೇ ಮಧ್ಯಾಂಕ. ಮಾಲೀಕನ ವರಮಾನ ಹತ್ತು ಪಟ್ಟಾದರೂ ಅದು ಕದಲುವುದಿಲ್ಲ. ಅತಿ ಹೆಚ್ಚು ಸಲ ಬರುವ ಸಂಖ್ಯೆಯಾದ ೧೨ ಸಾವಿರವು ಬಹುಲಕ. ಮೂರೂ ಸತ್ಯವೇ; ಆದರೆ ಅವು ಉತ್ತರಿಸುವ ಪ್ರಶ್ನೆಗಳು ಬೇರೆ ಬೇರೆ. ಒಟ್ಟು ಹಣವನ್ನು ಸಮನಾಗಿ ಹಂಚಿದರೆ ತಲೆಗೆಷ್ಟು ಎಂಬುದಕ್ಕೆ ಸರಾಸರಿ, ಸಾಲಿನ ನಡುವೆ ನಿಂತವನ ಸ್ಥಿತಿಯೇನು ಎಂಬುದಕ್ಕೆ ಮಧ್ಯಾಂಕ, ಹೆಚ್ಚು ಮಂದಿಗೆ ದೊರೆಯುವುದೆಷ್ಟು ಎಂಬುದಕ್ಕೆ ಬಹುಲಕ.

ಪ್ರತಿನಿಧಿ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇಬ್ಬರು ಗೆಳೆಯರು ಐದು ಅಭ್ಯಾಸ ಪರೀಕ್ಷೆಗಳಲ್ಲಿ ಪಡೆದ ಅಂಕಗಳನ್ನು ನೋಡಿ. ಮೊದಲನೆಯವನು: ೪೮, ೪೯, ೫೦, ೫೧, ೫೨. ಎರಡನೆಯವನು: ೧೦, ೩೦, ೫೦, ೭೦, ೯೦. ಇಬ್ಬರ ಸರಾಸರಿಯೂ ೫೦, ಮಧ್ಯಾಂಕವೂ ೫೦. ತೇರ್ಗಡೆಗೆ ೪೫ ಸಾಕೆಂದರೆ ಮೊದಲನೆಯವನು ಒಮ್ಮೆಯೂ ಸೋಲಲಿಲ್ಲ. ೬೦ ಬೇಕೆಂದರೆ ಒಮ್ಮೆಯೂ ಗೆಲ್ಲಲಿಲ್ಲ. ಸರಾಸರಿಯು ಮುಚ್ಚಿಟ್ಟ ಈ ಭೇದವನ್ನು ಹೊರಗೆಡಹುವುದು ಸಂಖ್ಯೆಗಳ ಹರಹು.

ಹರಹನ್ನು ಅಳೆಯುವ ಸುಲಭವಾದ ಮಾರ್ಗವೆಂದರೆ ಗರಿಷ್ಠದಿಂದ ಕನಿಷ್ಠವನ್ನು ಕಳೆಯುವುದು. ಈ ವ್ಯಾಪ್ತಿಯು ಮೊದಲನೆಯವನಿಗೆ ೪, ಎರಡನೆಯವನಿಗೆ ೮೦. ಆದರೆ ವ್ಯಾಪ್ತಿಯು ತುದಿಯ ಎರಡು ಸಂಖ್ಯೆಗಳನ್ನು ಮಾತ್ರ ನೋಡುತ್ತದೆ. ಎಲ್ಲವನ್ನೂ ಗಣಿಸಬೇಕಾದರೆ ಸರಾಸರಿಯಿಂದ ಪ್ರತಿಯೊಂದು ಎಷ್ಟು ದೂರವಿದೆ ಎಂದು ನೋಡಬೇಕು. ಮೊದಲನೆಯವನಲ್ಲಿ ಆ ವಿಚಲನೆಗಳು −೨, −೧, ೦, ೧, ೨. ಇವನ್ನು ಕೂಡಿಸಿದರೆ ಸೊನ್ನೆಯೇ ಬರುವುದು. ಸಮತೋಲದ ಬಿಂದುವಿನ ಲಕ್ಷಣವೇ ಅದು. ಆದುದರಿಂದ ಪ್ರತಿಯೊಂದನ್ನೂ ವರ್ಗಮಾಡಿ ಋಣಚಿಹ್ನೆಯನ್ನು ನೀಗಿಸುತ್ತೇವೆ: ೪, ೧, ೦, ೧, ೪. ಇವುಗಳ ಮೊತ್ತ ೧೦, ಸರಾಸರಿ ೨, ಅದರ ವರ್ಗಮೂಲ ಸುಮಾರು ೧.೪೧. ಇದೇ ಮಾನಕ ವಿಚಲನೆ. ಈ ಐದು ಅಂಕಗಳು ದೊಡ್ಡ ಸಮೂಹವೊಂದರಿಂದ ಆಯ್ದ ಮಾದರಿ ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ಮಾತ್ರ ೫ರ ಬದಲು ೪ರಿಂದ ಭಾಗಿಸುವುದು ವಾಡಿಕೆ.

ಎರಡನೆಯವನ ಲೆಕ್ಕಕ್ಕೆ ಮತ್ತೆ ಶ್ರಮಪಡಬೇಕಾಗಿಲ್ಲ. ಅವನ ಪ್ರತಿಯೊಂದು ವಿಚಲನೆಯೂ ಮೊದಲನೆಯವನದರ ೨೦ ಪಟ್ಟು. ಆದುದರಿಂದ ಮಾನಕ ವಿಚಲನೆಯೂ ೨೦ ಪಟ್ಟು, ಎಂದರೆ ಸುಮಾರು ೨೮.೨೮. ಎಲ್ಲರಿಗೂ ೫ ಕೃಪಾಂಕ ಕೊಟ್ಟರೆ ಸರಾಸರಿಯು ೫ ಏರುತ್ತದೆ, ಮಾನಕ ವಿಚಲನೆಯು ಇದ್ದಂತೆಯೇ ಇರುತ್ತದೆ; ಬೊಟ್ಟುಗಳೆಲ್ಲ ಒಟ್ಟಾಗಿ ಸರಿದರೆ ಅವುಗಳ ನಡುವಿನ ದೂರ ಬದಲಾಗುವುದುಂಟೆ?

ಈ ವಿವೇಚನೆಯಿಂದ ಲೋಕಕ್ಕೂ ಪ್ರಯೋಜನವುಂಟು. ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಪ್ರಶಾಂತಚಂದ್ರ ಮಹಾಲನೋಬಿಸರು ಸಂಖ್ಯಾಶಾಸ್ತ್ರದ ಕಡೆಗೆ ತಿರುಗಿದವರು. ೧೯೨೬ರಲ್ಲಿ ಅಂದಿನ ಒರಿಸ್ಸಾದ ಬ್ರಾಹ್ಮಣಿ ನದಿಯಲ್ಲಿ ಭಾರಿ ಪ್ರವಾಹ ಬಂದಾಗ, ನದಿಯ ತಳವೇ ಮೇಲೇರಿದೆ, ದಡದ ಒಡ್ಡುಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ಅಭಿಪ್ರಾಯಪಟ್ಟರು. ಮಹಾಲನೋಬಿಸರು ಹಲವು ದಶಕಗಳ ಮಳೆಯ ಹಾಗೂ ನೀರಿನ ಮಟ್ಟದ ಅಂಕಿಗಳನ್ನು ಪರಿಶೀಲಿಸಿ, ತಳವು ಏರಿಲ್ಲವೆಂದೂ ನದಿಯ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿ ನೆರೆನೀರನ್ನು ಹಿಡಿದಿಡುವುದೇ ಮೇಲೆಂದೂ ತೋರಿಸಿದರು. ಒಂದು ವರ್ಷದ ದೊಡ್ಡ ಸಂಖ್ಯೆಗೆ ಬೆದರದೆ ಅದನ್ನು ಅನೇಕ ವರ್ಷಗಳ ಸಾಲಿನಲ್ಲಿಟ್ಟು ನೋಡಿದುದೇ ಅವರ ಹಿರಿಮೆ. ೧೯೩೧ರಲ್ಲಿ ಅವರು ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಒಂದು ಕೇಂದ್ರವು ಬೆಂಗಳೂರಿನಲ್ಲಿಯೂ ಇದೆ. ಅವರ ಜನ್ಮದಿನವಾದ ಜೂನ್ ೨೯ನ್ನು ೨೦೦೭ರಿಂದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲಾಗುತ್ತಿದೆ.

ಪರೀಕ್ಷೆಗೆ ಕುಳಿತುಕೊಳ್ಳುವ ವಿದ್ಯಾರ್ಥಿಗಳು ಸೂತ್ರವನ್ನು ನೆನೆಯುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಈ ಸಂಖ್ಯೆಗಳ ಸಮತೋಲ ಎಲ್ಲಿದೆ? ಅದರ ಸುತ್ತ ಅವು ಎಷ್ಟು ದೂರ ಹರಡಿವೆ? ನನ್ನ ವಿದ್ಯಾರ್ಥಿಯು ಈ ವರ್ಷ ಮತ್ತೆ ಪರೀಕ್ಷೆಗೆ ಸಿದ್ಧನಾಗುತ್ತಿದ್ದಾನೆ. ಅವನ ಪುಟ್ಟ ಪುಸ್ತಕದ ಮೊದಲ ಪುಟದಲ್ಲಿ ಈಗ ಸೂತ್ರವಿಲ್ಲ. ಒಂದು ಅಳತೆಪಟ್ಟಿಯ ಚಿತ್ರವಿದೆ.